ಹತ್ತು ಹಾಡು ಸಿದ್ಧವಾಗಿವೆ: ಸಿಡಿ ಮಾಡಿಸಬೇಕೆ, ನೇರವಾಗಿ ಮೊಬೈಲಿಗೇ ಬಿಡಬೇಕೆ?

ಹೇಮಾವತಿ ದಂಡೆ (ಹೊಳೆನರಸೀಪುರ)

ಎಲ್ಲರಿಗೂ ನಮಸ್ಕಾರ. ನಮ್ಮದು ಒಂದು ಸಣ್ಣ ಸುಗಮ ಸಂಗೀತ ತಂಡ. ಶಾಲೆಯ ಮೇಷ್ಟ್ರು, ಬ್ಯಾಂಕಿನ ಗುಮಾಸ್ತರು, ಔಷಧಿ ಅಂಗಡಿಯವರು, ಹೀಗೆ ಸಂಜೆ ಕೆಲಸ ಮುಗಿಸಿ ಬಂದು ಹಾರ್ಮೋನಿಯಂ ಮುಂದೆ ಕೂರುವವರು. ಹಾಸನದ ಸ್ಟುಡಿಯೊ ಒಂದರಲ್ಲಿ ಹತ್ತು ಹಾಡುಗಳನ್ನು ಧ್ವನಿಮುದ್ರಿಸಿದ್ದೇವೆ. ಆರು ನಮ್ಮ ಮೇಷ್ಟ್ರೇ ಬರೆದವು, ಎರಡು ಜನಪದ, ಒಂದು ವಚನ, ಒಂದು ಕುವೆಂಪು ಅವರ ಕವಿತೆ. ರಾಗ ಸಂಯೋಜನೆ ಪೂರ್ತಿ ನಮ್ಮದು.

ಈಗ ತಂಡದಲ್ಲಿ ಎರಡು ಪಕ್ಷವಾಗಿದೆ. ಹಿರಿಯರಿಗೆ 500 ಸಿಡಿ ಆಗಬೇಕು, ಬಿಡುಗಡೆ ಸಮಾರಂಭ ಆಗಬೇಕು, ಬಂದವರ ಕೈಗೆ ಏನಾದರೂ ಸಿಗಬೇಕು. ಹುಡುಗರು, ಸಿಡಿ ಹಾಕಲು ಯಾರ ಮನೆಯಲ್ಲಿ ಯಂತ್ರ ಉಳಿದಿದೆ ತೋರಿಸಿ ಎನ್ನುತ್ತಾರೆ. ಸ್ಪಾಟಿಫೈ, ಜಿಯೋಸಾವನ್, ಯೂಟ್ಯೂಬ್ ಮುಂತಾದ ಕಡೆ ಹಾಕಿದರೆ ಸ್ಟುಡಿಯೊ ಖರ್ಚಿನಲ್ಲಿ ಸ್ವಲ್ಪವಾದರೂ ಹುಟ್ಟುತ್ತದೆಯೇ? ಅನುಭವ ಇದ್ದವರು ತಿಳಿಸಿ.

ಬಿ.ಎಂ. ರಸ್ತೆ (ಹಾಸನ)

ಹುಟ್ಟುವುದಿಲ್ಲ.

ಹಳೇ ಟೇಪು (ಹಾಸನ)

ಅಷ್ಟು ಚುಟುಕಾಗಿ ಹೇಳಿ ಕೈತೊಳೆದುಕೊಂಡರೆ ಹೇಗೆ ಸ್ವಾಮಿ? ನಾನು ಬಸ್ ನಿಲ್ದಾಣದ ಹತ್ತಿರ ಕ್ಯಾಸೆಟ್ ಅಂಗಡಿ ಇಟ್ಟಿದ್ದವನು. ಅರಕಲಗೂಡಿನಿಂದ, ಆಲೂರಿನಿಂದ ಸಂತೆಗೆ ಬಂದವರು ಮೊದಲು ನನ್ನ ಅಂಗಡಿಗೆ ಬಂದು ಸಿಗರೇಟು ಪ್ಯಾಕಿನ ಒಳಹಾಳೆಯಲ್ಲಿ ಬರೆದ ಪಟ್ಟಿ ಕೊಟ್ಟು ಹೋಗುತ್ತಿದ್ದರು. ಎ ಬದಿಗೆ ಇಂಥವು, ಬಿ ಬದಿಗೆ ಇಂಥವು, ಕೊನೆಯಲ್ಲಿ ಜಾಗ ಉಳಿದರೆ ಒಂದು ದೇವರನಾಮ. ಸಂತೆ ಮುಗಿಸಿ ಬರುವಷ್ಟರಲ್ಲಿ ಅರವತ್ತು ನಿಮಿಷದ ಖಾಲಿ ಕ್ಯಾಸೆಟ್ಟಿಗೆ ತುಂಬಿಸಿಟ್ಟಿರಬೇಕು. ತಡವಾದರೆ ಕೊನೆಯ ಬಸ್ಸು ತಪ್ಪಿತೆಂದು ನನ್ನನ್ನೇ ಬೈಯುತ್ತಿದ್ದರು.

ಎಲ್ಲರೂ ಅಂಗಡಿ ಮುಚ್ಚಿಸಿದ್ದು ಇಂಟರ್ನೆಟ್ ಎನ್ನುತ್ತಾರೆ. ನಮ್ಮೂರಿನಲ್ಲಿ ಇಂಟರ್ನೆಟ್ ಆ ಕೆಲಸಕ್ಕೆ ಬಂದದ್ದು ಬಹಳ ತಡವಾಗಿ. ಮೊದಲ ಪೆಟ್ಟು ಕೊಟ್ಟದ್ದು ಪಾದಚಾರಿ ಮಾರ್ಗದಲ್ಲಿ ಮಾರುತ್ತಿದ್ದ ಎಂಪಿ3 ಸಿಡಿ. ಒಂದು ಚಿತ್ರದ ಕ್ಯಾಸೆಟ್ಟಿನ ಬೆಲೆಗೆ ನೂರಕ್ಕೂ ಹೆಚ್ಚು ಹಾಡು. ಎರಡನೆಯ ಪೆಟ್ಟು ಮೊಬೈಲ್ ಅಂಗಡಿಯ ಹುಡುಗರದು. ಮೆಮೊರಿ ಕಾರ್ಡ್ ಕೊಟ್ಟರೆ ಹತ್ತಿಪ್ಪತ್ತು ರೂಪಾಯಿಗೆ ಬಾಯಿವರೆಗೆ ತುಂಬಿಸಿ ಕೊಡುತ್ತಿದ್ದರು. 2016ರಲ್ಲಿ ಜಿಯೋ ಬಂದು ಡೇಟಾ ಅಗ್ಗವಾದಾಗ ಸತ್ತದ್ದು ಆ ಹುಡುಗರ ವ್ಯಾಪಾರ. ನನ್ನದು ಅಷ್ಟು ಹೊತ್ತಿಗೆ ಮೊಬೈಲ್ ಕವರ್ ಮಾರುವ ಅಂಗಡಿಯಾಗಿತ್ತು.

ಹೇಮಾವತಿಯವರೇ, ಸಿಡಿ ಮಾಡಿಸಬೇಡಿ. ಮಾಡಿಸಿದರೆ 400 ಸಿಡಿ ನಿಮ್ಮ ಅಟ್ಟದಲ್ಲಿರುತ್ತವೆ.

ಕಾಫಿಗಿಡ (ಮೂಡಿಗೆರೆ)

ಮೆಮೊರಿ ಕಾರ್ಡ್ ವ್ಯಾಪಾರ ಸತ್ತಿತು ಎಂದವರು ನಮ್ಮ ತೋಟದ ಕಡೆ ಒಮ್ಮೆ ಬನ್ನಿ. ಗುಡ್ಡದ ಈ ಬದಿಗೆ ಸಿಗ್ನಲ್ ಬರುವುದೇ ಅಪರೂಪ. ಕೊಯ್ಲಿನ ಕಾಲದಲ್ಲಿ ಲೈನ್ ಮನೆಗಳ ಮುಂದೆ ಸಂಜೆ ನಿಂತು ನೋಡಿ: ಬ್ಲೂಟೂತ್ ಸ್ಪೀಕರ್, ಅದರ ಹಿಂಭಾಗಕ್ಕೆ ಸಿಕ್ಕಿಸಿದ ಕಾರ್ಡ್. ಈಗ ಅಸ್ಸಾಂ ಕಡೆಯ ಕೆಲಸಗಾರರೇ ಹೆಚ್ಚು, ಹಾಡುಗಳೂ ಅವರವೇ. ಅವರಿಗೆ ಅವರ ಊರಿನ ಹಾಡು ನಮ್ಮ ಮೂಡಿಗೆರೆ ಪೇಟೆಯಲ್ಲೇ ತುಂಬಿಸಿಕೊಡುವ ಅಂಗಡಿಯೂ ಇದೆ!

ಬರೀ ಸ್ಟ್ರೀಮಿಂಗ್, ಅಂದರೆ ಇಂಟರ್ನೆಟ್‌ನಲ್ಲಿ ಆಗಿಂದಾಗಲೇ ಕೇಳುವುದು ಎಂದರೆ ನಮ್ಮಂಥವರು ಲೆಕ್ಕಕ್ಕೇ ಇಲ್ಲ. ಡೌನ್‌ಲೋಡ್ ಮಾಡಿಟ್ಟುಕೊಳ್ಳುವ ಸೌಲಭ್ಯ ಬೇಕೆಂದರೆ ಬಹುತೇಕ ಆ್ಯಪ್‌ಗಳಲ್ಲಿ ಚಂದಾ ಕಟ್ಟಬೇಕು.

ಯಗಚಿ (ಬೇಲೂರು)

ನಾನು ಸಣ್ಣದೊಂದು ಸ್ಟುಡಿಯೊ ನಡೆಸುತ್ತೇನೆ. ಹಣದ ವಿಷಯವನ್ನು ಬಿಡಿಸಿ ಹೇಳುತ್ತೇನೆ, ಏಕೆಂದರೆ ನನ್ನ ಹತ್ತಿರ ಬರುವ ಪ್ರತಿಯೊಬ್ಬರೂ ‘ಒಂದು ಸಲ ಕೇಳಿದರೆ ಎಷ್ಟು ಪೈಸೆ’ ಎಂದೇ ಆರಂಭಿಸುತ್ತಾರೆ. ಅಂಥ ನಿಗದಿತ ದರವೇ ಇಲ್ಲ.

ಸ್ಪಾಟಿಫೈ ತನ್ನ ಚಂದಾ ಮತ್ತು ಜಾಹೀರಾತು ಹಣದಲ್ಲಿ ಸುಮಾರು ಮೂರನೇ ಎರಡು ಪಾಲನ್ನು ಹಾಡುಗಳ ಹಕ್ಕುದಾರರಿಗೆ ಎತ್ತಿಡುತ್ತದೆ. ಅದನ್ನು ಒಟ್ಟು ಆಲಿಸುವಿಕೆಯಲ್ಲಿ ಯಾರ ಪಾಲು ಎಷ್ಟು ಎಂದು ನೋಡಿ ಹಂಚುತ್ತದೆ. ನೀವು ತಿಂಗಳಿಡೀ ಹೊಳೆನರಸೀಪುರದ ಈ ತಂಡವನ್ನೊಂದೇ ಕೇಳಿದರೂ ನಿಮ್ಮ ಚಂದಾ ಹಣ ಪೂರ್ತಿ ಅವರಿಗೆ ಹೋಗುವುದಿಲ್ಲ. ದೊಡ್ಡ ರಾಶಿಗೆ ಸೇರಿ, ಅಲ್ಲಿ ಯಾರು ಹೆಚ್ಚು ಕೇಳಿಸಿಕೊಂಡರೋ ಅವರ ಕಡೆಗೆ ಹರಿಯುತ್ತದೆ. ಕೇಳುಗನ ಹಣ ಕೇಳುಗ ಕೇಳಿದವರಿಗೇ ಹೋಗಲಿ ಎಂಬ ಕ್ರಮವೂ ಇದೆ. ಸೌಂಡ್‌ಕ್ಲೌಡ್ ಎಂಬ ಹಾಡಿನ ತಾಣ 2021ರಲ್ಲಿ ಅದನ್ನು ಜಾರಿಗೆ ತಂದಿತು. ದೊಡ್ಡ ಕಂಪನಿಗಳಿಗೆ ಅದರಲ್ಲಿ ಅಷ್ಟು ಉತ್ಸಾಹವಿಲ್ಲ, ಏಕೆ ಎಂದು ಬೇರೆ ಹೇಳಬೇಕಾಗಿಲ್ಲ.

ಇನ್ನೆರಡು ಸಂಗತಿ. 30 ಸೆಕೆಂಡು ಕೇಳಿದರೆ ಮಾತ್ರ ಒಂದು ಆಲಿಸುವಿಕೆ ಎಂದು ಲೆಕ್ಕ. 2024ರಿಂದ ಸ್ಪಾಟಿಫೈನಲ್ಲಿ, ಹಿಂದಿನ 12 ತಿಂಗಳಲ್ಲಿ ಕನಿಷ್ಠ 1000 ಸಲ ಕೇಳಿಸಿಕೊಳ್ಳದ ಹಾಡಿಗೆ ಹಣವೇ ಇಲ್ಲ. 1000 ಎಂಬುದು ಪ್ರತಿ ಹಾಡಿಗೆ, ಇಡೀ ಆಲ್ಬಂಗೆ ಅಲ್ಲ.

ಬಿ.ಎಂ. ರಸ್ತೆ (ಹಾಸನ)

ನಾನು ಒಂದೇ ಪದದಲ್ಲಿ ಹೇಳಿದ್ದನ್ನೇ ಇವರು ಮೂರು ಪ್ಯಾರಾದಲ್ಲಿ ಹೇಳಿದ್ದಾರೆ.

ತಂಬೂರಿ ತಂತಿ (ಅರಕಲಗೂಡು)

30 ಸೆಕೆಂಡು! ನಾನು ರುದ್ರಪಟ್ಟಣದ ಪಕ್ಕದ ಊರಿನವನು. ಆರ್.ಕೆ. ಶ್ರೀಕಂಠನ್ ಹುಟ್ಟಿದ ಊರು, ರುದ್ರಪಟ್ಣಂ ಸಹೋದರರ ಊರು. ಆರ್.ಕೆ. ಪದ್ಮನಾಭ ಅವರು ತಂಬೂರಿಯ ಆಕಾರದಲ್ಲೇ ಅಲ್ಲೊಂದು ಮಂದಿರ ಕಟ್ಟಿಸಿದ್ದಾರೆ, ನೋಡದವರು ನೋಡಿ ಬನ್ನಿ.

ಯಗಚಿಯವರ ಲೆಕ್ಕವನ್ನು ಶಾಸ್ತ್ರೀಯ ಸಂಗೀತಕ್ಕೆ ಹಚ್ಚಿ ನೋಡಿ. ವಿದ್ವಾಂಸರು ತೋಡಿ ರಾಗದಲ್ಲಿ ರಾಗ ತಾನ ಪಲ್ಲವಿಯನ್ನು ಐವತ್ತು ನಿಮಿಷ ಹಾಡಿದರೆ ಅದು ಒಂದು ಆಲಿಸುವಿಕೆ. ಎರಡೂವರೆ ನಿಮಿಷದ ಕುಣಿತದ ಹಾಡೂ ಒಂದು ಆಲಿಸುವಿಕೆ. ಐವತ್ತು ನಿಮಿಷದಲ್ಲಿ ಅದು ಇಪ್ಪತ್ತು ಸಲ ತಿರುಗುತ್ತದೆ, ಇಪ್ಪತ್ತು ಪಾಲು ಪಡೆಯುತ್ತದೆ. ಇದಕ್ಕೆ ಹೊಂದಿಕೊಳ್ಳುವುದು ಎಂದರೆ ಏನು? ಆಲಾಪನೆಯನ್ನು ತುಂಡು ಮಾಡಿ ಇಪ್ಪತ್ತು ಕಡತ ಮಾಡುವುದೇ?

ಯಗಚಿ (ಬೇಲೂರು)

ಕೆಲವರು ಮಾಡುತ್ತಿದ್ದಾರೆ ಸರ್. ರಾಗ ಒಂದು, ತಾನ ಒಂದು, ಪಲ್ಲವಿ ಒಂದು, ಮೃದಂಗದವರ ತನಿ ಆವರ್ತನ ಒಂದು. ತಂತಿ ಕಡಿದ ಹಾಗೆ ಕೇಳಿಸುತ್ತದೆ ಎಂಬುದು ನಿಜ.

ಕಡೂರು ಪ್ಯಾಸೆಂಜರ್ (ಕಡೂರು)

ತಂಬೂರಿಯವರ ಸಿಟ್ಟು ಅರ್ಥವಾಗುತ್ತದೆ, ಆದರೆ ಯಂತ್ರ ಹಾಡಿನ ಉದ್ದವನ್ನು ಕತ್ತರಿಸುವುದು ಹೊಸದೇನಲ್ಲ. 1902ರಲ್ಲಿ ಹಿಂದೂಸ್ತಾನಿ ಗಾಯಕಿ ಗೌಹರ್ ಜಾನ್ ಹಾಡಿದಾಗ ಗ್ರಾಮೊಫೋನ್ ತಟ್ಟೆಯ ಮೇಲೆ ಸಿಗುತ್ತಿದ್ದದ್ದು ಸುಮಾರು ಮೂರು ನಿಮಿಷ. ಗಂಟೆಗಟ್ಟಲೆ ಹಾಡುವ ಖಯಾಲನ್ನು ಅಷ್ಟರೊಳಗೇ ಮಡಿಚಿಟ್ಟರು. ಆ ಮೂರು ನಿಮಿಷವೇ ಮುಂದೆ ಸಿನಿಮಾ ಹಾಡಿನ ಅಳತೆಯೂ ಆಯಿತು. ಹೆಚ್ಚು ಹೊತ್ತು ತಿರುಗುವ ಎಲ್‌ಪಿ ತಟ್ಟೆ ಬಂದಾಗ, ಕ್ಯಾಸೆಟ್ ಬಂದಾಗ ಉದ್ದವಾಯಿತು. ಈಗ ಮತ್ತೆ ಕುಗ್ಗಿದೆ.

ಇನ್ನೊಂದು ಮಾತು. ‘ಸಂಗೀತ ಉದ್ಯಮ ಸಾಯುತ್ತಿದೆ’ ಎಂದು 2000ದ ದಶಕದಲ್ಲಿ ಅತ್ತವರು ಈಗ ಸುಮ್ಮನಾಗಿದ್ದಾರೆ. ಧ್ವನಿಮುದ್ರಣ ಕಂಪನಿಗಳ ಜಾಗತಿಕ ಸಂಘವಾದ ಐಎಫ್‌ಪಿಐ ವರದಿಯ ಪ್ರಕಾರ 2024ರಲ್ಲಿ ಜಗತ್ತಿನ ಧ್ವನಿಮುದ್ರಿತ ಸಂಗೀತದ ಆದಾಯ 2960 ಕೋಟಿ ಡಾಲರ್, ಅದರಲ್ಲಿ ಸುಮಾರು 69 ಶೇಕಡಾ ಸ್ಟ್ರೀಮಿಂಗ್‌ನದೇ.

ಸೋಬಾನೆ ಮೊಮ್ಮಗಳು (ಸಕಲೇಶಪುರ)

ಉದ್ಯಮದ ಆದಾಯ ಹೆಚ್ಚಿದ್ದರೆ ಉದ್ಯಮಕ್ಕೆ ಒಳ್ಳೆಯದು. ನನ್ನ ಅಜ್ಜಿಯ ಕಥೆ ಹೇಳುತ್ತೇನೆ.

ನಮ್ಮಜ್ಜಿ ಮದುವೆಗಳಲ್ಲಿ ಸೋಬಾನೆ ಹೇಳುತ್ತಿದ್ದವರು. ಸುಗ್ಗಿಯಲ್ಲೂ ಅವರದೇ ದನಿ ಮುಂದೆ. ತೊಂಬತ್ತರ ದಶಕದಲ್ಲಿ ಒಂದು ಕ್ಯಾಸೆಟ್ ಕಂಪನಿಯವರು ಊರಿಗೆ ಬಂದು ಅಜ್ಜಿಯನ್ನೂ ಜೊತೆಯ ನಾಲ್ವರು ಹೆಂಗಸರನ್ನೂ ಕರೆದೊಯ್ದು ಹಾಡಿಸಿಕೊಂಡರು. ಊಟ, ಬಸ್ ಖರ್ಚು, ತಲಾ ಒಂದು ಸೀರೆ. ಕಾಗದವೊಂದಕ್ಕೆ ಹೆಬ್ಬೆಟ್ಟು ಒತ್ತಿಸಿಕೊಂಡರು. ಕಾಗದದ ಪ್ರತಿ ನಮ್ಮ ಹತ್ತಿರ ಇಲ್ಲ. ಸೀರೆ ಇದೆ, ಕಂದು ಅಂಚಿನ ಹಸಿರು ಸೀರೆ. ಅಜ್ಜಿ ಅದನ್ನು ಉಟ್ಟದ್ದು ನಾನು ನೋಡಿಲ್ಲ.

ಹೋದ ವರ್ಷ ನಮ್ಮ ತಾಯಿ ಅದೇ ಹಾಡುಗಳನ್ನು ಮನೆಯ ಜಗಲಿಯ ಮೇಲೆ ಕುಳಿತು ಹಾಡಿದರು, ನಾನು ಚಿತ್ರೀಕರಿಸಿ ಯೂಟ್ಯೂಬ್‌ಗೆ ಹಾಕಿದೆ. ನಾಲ್ಕನೆಯ ದಿನ ನೋಟಿಸು: ಈ ಹಾಡಿನ ಹಕ್ಕು ಇಂಥ ಕಂಪನಿಯದು, ಜಾಹೀರಾತಿನ ಹಣ ಅವರಿಗೆ ಹೋಗುತ್ತದೆ. ನನ್ನ ತಾಯಿ ತನ್ನ ತಾಯಿಯಿಂದ ಕಲಿತ ಹಾಡು, ನಮ್ಮದೇ ಜಗಲಿ, ನಮ್ಮದೇ ಕೋಳಿಗಳ ಸದ್ದು ಹಿನ್ನೆಲೆಯಲ್ಲಿ. ಹಕ್ಕು ಅವರದು! ಇದಕ್ಕೆ ಯಾರಾದರೂ ಉತ್ತರ ಕೊಡಿ.

ಕಾಫಿಗಿಡ (ಮೂಡಿಗೆರೆ)

ಓದಿ ಹೊಟ್ಟೆ ಉರಿಯಿತು ತಂಗಿ.

ನೋಟರಿ ಮುಂದೆ (ಚಿಕ್ಕಮಗಳೂರು)

ಸೋಬಾನೆಯವರೇ, ಇದರಲ್ಲಿ ಬೇರೆ ಬೇರೆ ಹಕ್ಕುಗಳಿವೆ, ಕಲಸಿಕೊಳ್ಳಬೇಡಿ. ಸಾಹಿತ್ಯದ ಹಕ್ಕು, ಸಂಗೀತ ಸಂಯೋಜನೆಯ ಹಕ್ಕು, ಧ್ವನಿಮುದ್ರಿಕೆಯ ಹಕ್ಕು. ಇವಲ್ಲದೆ ಹಾಡಿದವರ ಹಕ್ಕು ಎಂಬುದೂ ಒಂದಿದೆ.

ತಲೆಮಾರುಗಳಿಂದ ಬಂದ ಸೋಬಾನೆಯ ಸಾಹಿತ್ಯಕ್ಕೂ ಧಾಟಿಗೂ ಯಾರೂ ಒಡೆಯರಲ್ಲ. ಅಜ್ಜಿಯ ದನಿಯಿದ್ದ ಆ ಧ್ವನಿಮುದ್ರಿಕೆ ಕಂಪನಿಯದಿರಬಹುದು. ಅದು ಪ್ರಕಟವಾದ ಮೇಲೆ 60 ವರ್ಷ ಅವರದೇ. ಆದರೆ ನಿಮ್ಮ ತಾಯಿ ಹೊಸದಾಗಿ ಹಾಡಿದ್ದು ಬೇರೆಯೇ ಧ್ವನಿಮುದ್ರಿಕೆ. ಅದರ ಮೇಲೆ ಅವರಿಗೆ ಅಧಿಕಾರವಿಲ್ಲ. ಯೂಟ್ಯೂಬ್‌ನಲ್ಲಿ ಹಕ್ಕುದಾರರ ಹಾಡುಗಳನ್ನು ಪತ್ತೆಹಚ್ಚುವ ಕಂಟೆಂಟ್ ಐಡಿ ಯಂತ್ರ ಧಾಟಿ ಹೊಂದಿದರೂ ಗುರುತು ಹಾಕುತ್ತದೆ, ಕಾನೂನು ಓದಿ ಅಲ್ಲ. ನೀವು ತಕರಾರು ಸಲ್ಲಿಸಿ. ‘ಸಾಂಪ್ರದಾಯಿಕ ಹಾಡು, ಹೊಸ ಧ್ವನಿಮುದ್ರಣ, ಹಾಡಿದವರು ನನ್ನ ತಾಯಿ’ ಎಂದು ನೇರವಾಗಿ ಬರೆಯಿರಿ. ಕಂಪನಿಗೆ ಉತ್ತರಿಸಲು 30 ದಿನ ಅವಕಾಶ. ಅಷ್ಟರೊಳಗೆ ಉತ್ತರ ಬರದಿದ್ದರೆ ಗುರುತು ತಾನಾಗಿ ಬಿದ್ದುಹೋಗುತ್ತದೆ. ಇದು ಹಕ್ಕಿನ ಗುರುತು, ಎಚ್ಚರಿಕೆಯ ಸ್ಟ್ರೈಕ್ ಅಲ್ಲ, ಹೆದರಬೇಕಾಗಿಲ್ಲ. ಮೂರು ಸ್ಟ್ರೈಕ್ ಆದರೆ ಚಾನೆಲ್ಲೇ ಹೋಗುತ್ತದೆ, ಅದು ಬೇರೆ.

ಇನ್ನು ಹೆಬ್ಬೆಟ್ಟಿನ ಕಾಗದ. ಕೃತಿಸ್ವಾಮ್ಯ ಕಾಯಿದೆಯ 19ನೇ ಸೆಕ್ಷನ್ ಪ್ರಕಾರ, ಹಕ್ಕು ವರ್ಗಾವಣೆಯ ಕರಾರಿನಲ್ಲಿ ಅವಧಿ ನಮೂದಿಸದಿದ್ದರೆ ಐದು ವರ್ಷ ಎಂದೇ ಅರ್ಥ. ಪ್ರದೇಶ ನಮೂದಿಸದಿದ್ದರೆ ಭಾರತ ಮಾತ್ರ. 2012ರ ತಿದ್ದುಪಡಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು: ಕರಾರಿನ ದಿನ ಬಳಕೆಯಲ್ಲೇ ಇಲ್ಲದ ಮಾಧ್ಯಮಕ್ಕೆ, ಅದರ ಹೆಸರು ಹೇಳಿ ಬರೆಸಿಕೊಳ್ಳದ ಹೊರತು, ಆ ವರ್ಗಾವಣೆ ಅನ್ವಯಿಸುವುದಿಲ್ಲ. ಕ್ಯಾಸೆಟ್ಟಿಗೆಂದು ಬರೆಸಿಕೊಂಡವರು ಸ್ಟ್ರೀಮಿಂಗ್‌ಗೂ ನನ್ನದೇ ಎನ್ನುವ ಹಾಗಿಲ್ಲ.

ಹಳೇ ಟೇಪು (ಹಾಸನ)

ವಕೀಲರೇ, ಆ ತಿದ್ದುಪಡಿ 2012ರದು. ಅಜ್ಜಿಯ ಕಾಗದ ತೊಂಬತ್ತರ ದಶಕದ್ದು. ಹಿಂದಿನ ಕರಾರಿಗೂ ಹಚ್ಚುತ್ತೀರಾ?

ನೋಟರಿ ಮುಂದೆ (ಚಿಕ್ಕಮಗಳೂರು)

ಸರಿಯಾದ ಪ್ರಶ್ನೆ. ಹಿಂದಿನ ಕರಾರುಗಳಿಗೆ ಅದು ಅನ್ವಯಿಸುವುದಿಲ್ಲ ಎಂದೇ ಕಂಪನಿಗಳು ವಾದಿಸುತ್ತವೆ, ಆ ವಾದಕ್ಕೆ ಬಲವೂ ಇದೆ. ಅದಕ್ಕೇ ನಾನು ಮೊದಲು ಐದು ವರ್ಷದ ಮಾತು ಹೇಳಿದ್ದು. ಆದರೆ ಇವೆಲ್ಲ ಅಜ್ಜಿಯ ಹಳೆಯ ಧ್ವನಿಮುದ್ರಿಕೆಯ ವಿಷಯ, ಅಲ್ಲೂ ಆ ಮುದ್ರಿಕೆಗೆ ಖರ್ಚು ಮಾಡಿದವರು ಕಂಪನಿಯವರೇ ಎಂಬುದು ಅವರ ಪರವಾಗಿ ನಿಲ್ಲುತ್ತದೆ. ತಾಯಿಯ ಹಾಡಿಗೆ ಈ ತಲೆನೋವು ಯಾವುದೂ ಇಲ್ಲ. ಹಳೆಯದಕ್ಕೆ ಗುದ್ದಾಡುವ ಮೊದಲು ಹೊಸದನ್ನು ಬಿಡಿಸಿಕೊಳ್ಳಿ.

ಸೋಬಾನೆ ಮೊಮ್ಮಗಳು (ಸಕಲೇಶಪುರ)

ಧನ್ಯವಾದ ಸರ್. ಇವತ್ತೇ ತಕರಾರು ಹಾಕುತ್ತೇನೆ. ಸೀರೆ ವಾಪಸು ಕೊಡಬೇಕಾಗುತ್ತದೆಯೇ ಎಂದು ಅಮ್ಮ ಕೇಳುತ್ತಿದ್ದಾರೆ.

ಬಿ.ಎಂ. ರಸ್ತೆ (ಹಾಸನ)

ಕೊಡಬೇಡಿ ಎಂದು ಹೇಳಿ. ಅದೊಂದೇ ನಿಮ್ಮ ಮನೆಗೆ ಬಂದ ರಾಯಲ್ಟಿ.

ತುಂಗೆಯ ಕಡೆಯವಳು (ಕೊಪ್ಪ)

ಹಕ್ಕಿನ ಮಾತು ಬಂದದ್ದರಿಂದ ಕೇಳುತ್ತೇನೆ. ಮೊದಲಿಗರು ಕುವೆಂಪು ಕವಿತೆಯನ್ನೂ ಹಾಡಿದ್ದೇವೆ ಎಂದಿದ್ದಾರಲ್ಲ, ಯಾರನ್ನಾದರೂ ಕೇಳಿದ್ದಾರೆಯೇ? ಕವಿ ಹುಟ್ಟಿದ್ದು ನಮ್ಮ ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ ಮಾರಾಯರೇ, ಕುಪ್ಪಳಿ ಎಂದು ತೀರ್ಥಹಳ್ಳಿಯವರು ಪೂರ್ತಿ ಎಳೆದುಕೊಂಡಿದ್ದಾರೆ, ಅದು ಬೇರೆ ಜಗಳ. ನಮ್ಮ ಕಾಲೇಜಿನ ಹುಡುಗರೂ ಅವರ ಕವಿತೆಗಳಿಗೆ ಗಿಟಾರ್ ಹಾಕಿ ಹಾಡುತ್ತಾರೆ. ನಾಡಿನ ಕವಿ, ಎಲ್ಲರದೂ ಅಲ್ಲವೇ?

ನೋಟರಿ ಮುಂದೆ (ಚಿಕ್ಕಮಗಳೂರು)

ಪ್ರೀತಿಗೆ ಎಲ್ಲರದು, ಕಾನೂನಿಗೆ ಅಲ್ಲ. ಕವಿ ತೀರಿಕೊಂಡ ಮುಂದಿನ ವರ್ಷದ ಆರಂಭದಿಂದ 60 ವರ್ಷ ಹಕ್ಕು ಇರುತ್ತದೆ. ಕುವೆಂಪು ತೀರಿಕೊಂಡದ್ದು 1994ರಲ್ಲಿ, ಹಾಗಾಗಿ 2054ರ ಕೊನೆಯವರೆಗೆ. ಬೇಂದ್ರೆ 1981, ಅಂದರೆ 2041ರ ಕೊನೆಯವರೆಗೆ. ಕೆ.ಎಸ್. ನರಸಿಂಹಸ್ವಾಮಿ 2003, ಲೆಕ್ಕ ನೀವೇ ಹಾಕಿ. ವಚನಕ್ಕೂ ದಾಸರ ಪದಕ್ಕೂ ಯಾರನ್ನೂ ಕೇಳಬೇಕಾಗಿಲ್ಲ. ಹೇಮಾವತಿಯವರು ಆ ಒಂದು ಕವಿತೆಗೆ ಹಕ್ಕುದಾರರಿಂದ ಲಿಖಿತ ಅನುಮತಿ ಪಡೆಯುವ ತನಕ ಅದನ್ನು ಮೇಲೇರಿಸಬಾರದು. ಉಳಿದ ಒಂಬತ್ತು ಹಾಕಿ.

ಹೇಮಾವತಿ ದಂಡೆ (ಹೊಳೆನರಸೀಪುರ)

ಇಷ್ಟೊಂದು ಉತ್ತರ ಬರುತ್ತದೆ ಎಂದುಕೊಂಡಿರಲಿಲ್ಲ. ಅನುಮತಿಯ ವಿಷಯ ನಮ್ಮಲ್ಲಿ ಯಾರ ತಲೆಗೂ ಹೊಳೆದಿರಲಿಲ್ಲ. ವೇದಿಕೆಯಲ್ಲಿ ಹಾಡುವಾಗ ಯಾರೂ ಕೇಳುವುದಿಲ್ಲವಲ್ಲ.

ಅರಸೀಕೆರೆ ತೆಂಗು (ಅರಸೀಕೆರೆ)

ಕೇಳುತ್ತಾರೆ! ನಮ್ಮ ಚೌಲ್ಟ್ರಿಗೆ ಪರವಾನಗಿ ಶುಲ್ಕ ಕಟ್ಟಿ ಎಂದು ಪತ್ರ ಬಂದಿತ್ತು. ಆರತಕ್ಷತೆಯಲ್ಲಿ ವಾದ್ಯಗೋಷ್ಠಿಯವರು ಸಿನಿಮಾ ಹಾಡು ಹಾಡಿದ್ದಕ್ಕೆ! ಮದುವೆ ಮನೆಯಲ್ಲಿ ಹಾಡುವುದಕ್ಕೂ ತೆರಿಗೆಯೇ?

ನೋಟರಿ ಮುಂದೆ (ಚಿಕ್ಕಮಗಳೂರು)

ಮದುವೆಗೆ ವಿನಾಯಿತಿ ಇದೆ. ಸೆಕ್ಷನ್ 52ರಲ್ಲಿ ಧಾರ್ಮಿಕ ಸಮಾರಂಭ, ಮದುವೆಯ ಮೆರವಣಿಗೆ ಮತ್ತು ಮದುವೆಗೆ ಸಂಬಂಧಿಸಿದ ಸಾಮಾಜಿಕ ಸಂಭ್ರಮಗಳನ್ನು ಉಲ್ಲಂಘನೆಯಲ್ಲ ಎಂದಿದ್ದಾರೆ. 2023ರ ಜುಲೈಯಲ್ಲಿ ಕೃತಿಸ್ವಾಮ್ಯ ನೋಡಿಕೊಳ್ಳುವ ಕೇಂದ್ರದ ಇಲಾಖೆ ಡಿಪಿಐಐಟಿ ಇದನ್ನೇ ಸ್ಪಷ್ಟಪಡಿಸಿ ಸೂಚನೆ ಹೊರಡಿಸಿತು. ಅದರ ಒಂದು ಪ್ರತಿಯನ್ನು ಚೌಲ್ಟ್ರಿಯ ಕಚೇರಿಯಲ್ಲಿ ಚೌಕಟ್ಟು ಹಾಕಿಸಿ ಇಡಿ. ಹೊಸ ವರ್ಷದ ಪಾರ್ಟಿಗೆ ಮಾತ್ರ ಈ ವಿನಾಯಿತಿ ಹೇಳಬೇಡಿ.

ಕಡೂರು ಪ್ಯಾಸೆಂಜರ್ (ಕಡೂರು)

ಚೌಲ್ಟ್ರಿ ಯಾವ ಲೆಕ್ಕ, ರಾಜಕೀಯ ಪಕ್ಷವೇ ಸಿಕ್ಕಿಬಿದ್ದಿತ್ತಲ್ಲ. 2022ರಲ್ಲಿ ಭಾರತ್ ಜೋಡೊ ಯಾತ್ರೆಯ ವಿಡಿಯೊದಲ್ಲಿ ಚಿತ್ರವೊಂದರ ಸಂಗೀತ ಬಳಸಿದರೆಂದು ಬೆಂಗಳೂರಿನ ಹಾಡಿನ ಕಂಪನಿ ಎಂಆರ್‌ಟಿ ಮ್ಯೂಸಿಕ್ ನ್ಯಾಯಾಲಯಕ್ಕೆ ಹೋಯಿತು. ಕಾಂಗ್ರೆಸ್ಸಿನ ಟ್ವಿಟರ್ ಖಾತೆಯನ್ನೇ ತಡೆಹಿಡಿಯಿರಿ ಎಂದು ಆದೇಶವಾಯಿತು, ಆಮೇಲೆ ಹೈಕೋರ್ಟ್ ಅದನ್ನು ತೆಗೆದುಹಾಕಿತು.

ಬಿ.ಎಂ. ರಸ್ತೆ (ಹಾಸನ)

ಆ ಪಕ್ಷಕ್ಕೆ ಹಾಗೇ ಆಗಬೇಕು.

ಕಾಫಿಗಿಡ (ಮೂಡಿಗೆರೆ)

ನಿಮ್ಮ ಪಕ್ಷ ಮಾತ್ರ ಹಾಡು ಕೊಂಡು ಬಳಸುತ್ತದೆಯೋ?

ನಿರ್ವಾಹಕ

ರಾಜಕೀಯ ಬೇಡ. ಮುಂದಿನದನ್ನು ಅಳಿಸುತ್ತೇನೆ.

ಹಳೇ ಟೇಪು (ಹಾಸನ)

ಹಣದ ಮಾತಿಗೇ ಮರಳೋಣ. ಕ್ಯಾಸೆಟ್ಟಿಗೂ ಸ್ಟ್ರೀಮಿಂಗ್‌ಗೂ ನಡುವೆ ಕಾಲರ್ ಟ್ಯೂನ್ ಎಂಬ ಒಂದು ಭಾಗ್ಯದ ಕಾಲವಿತ್ತು, ಎಲ್ಲರೂ ಮರೆತಿದ್ದೀರಿ. ಕಂಪನಿಗಳಿಗೆ ಆಗ ಅದೇ ದೊಡ್ಡ ಆದಾಯ. ತಿಂಗಳಿಗೆ 30 ರೂಪಾಯಿ ಕಡಿತವಾಗುತ್ತಿತ್ತು, ಅರ್ಧ ಜನಕ್ಕೆ ಅದು ಯಾವಾಗ ಶುರುವಾಯಿತೆಂದೇ ಗೊತ್ತಿರಲಿಲ್ಲ. 2011ರಲ್ಲಿ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಟ್ರಾಯ್, ಗ್ರಾಹಕ ಎರಡೆರಡು ಸಲ ಒಪ್ಪಿದರೆ ಮಾತ್ರ ಸೇವೆ ಆರಂಭಿಸಿ ಎಂದಿತು. ಅಲ್ಲಿಗೆ ಗಾಳಿ ಹೋಯಿತು. ಬೇಕೆಂದು ಕೇಳಿ ಕೊಂಡವರು ಎಷ್ಟು ಜನ ಎಂಬುದು ಆಗ ಬಯಲಾಯಿತು.

ಆ್ಯಪ್‌ಗಳನ್ನೂ ಶಾಶ್ವತ ಎಂದುಕೊಳ್ಳಬೇಡಿ. ರೆಸ್ಸೊ 2024ರ ಜನವರಿಯಲ್ಲಿ ಭಾರತದಿಂದ ಎದ್ದುಹೋಯಿತು. ಅದೇ ವರ್ಷ ಏರ್‌ಟೆಲ್ ತನ್ನ ವಿಂಕ್ ಮುಚ್ಚುವುದಾಗಿ ಪ್ರಕಟಿಸಿತು. ಗಾನಾ 2022ರಲ್ಲೇ ಪುಕ್ಕಟೆ ಸೇವೆ ನಿಲ್ಲಿಸಿ ಚಂದಾದಾರರಿಗೆ ಮಾತ್ರ ಎಂದಿತು. ನನ್ನ ಅಂಗಡಿಯಾದರೂ ಇಪ್ಪತ್ತು ವರ್ಷ ಬಾಗಿಲು ತೆರೆದಿತ್ತು.

ತುಂಗೆಯ ಕಡೆಯವಳು (ಕೊಪ್ಪ)

ವಿಂಕ್‌ನಲ್ಲಿ ನನ್ನ ಪಟ್ಟಿಗಳೆಲ್ಲ ಹೋದವು. ಮಳೆಗಾಲಕ್ಕೆಂದೇ ಒಂದು ಮಾಡಿಟ್ಟಿದ್ದೆ.

ತಂಬೂರಿ ತಂತಿ (ಅರಕಲಗೂಡು)

ಎಲ್ಲರೂ ಆ್ಯಪು, ಆ್ಯಪು ಎನ್ನುತ್ತೀರಿ. ಹಾಸನ ಆಕಾಶವಾಣಿಗೆ ಧ್ವನಿಪರೀಕ್ಷೆ ಕೊಟ್ಟು ಶ್ರೇಣಿ ಪಡೆದ ಕಲಾವಿದರಿಗೆ ಇಂದಿಗೂ ಸಂಭಾವನೆ ಬರುತ್ತದೆ. ಹಾಡಿದ್ದಕ್ಕೆ ದುಡ್ಡು, ಎಷ್ಟು ಜನ ಕೇಳಿದರು ಎಂಬುದಕ್ಕಲ್ಲ. ಈ ಹೊಳೆನರಸೀಪುರದವರು ಮೊದಲು ಅದನ್ನು ನೋಡಲಿ.

ಯಗಚಿ (ಬೇಲೂರು)

ಆಕಾಶವಾಣಿ ಒಳ್ಳೆಯ ಸಲಹೆ, ಒಪ್ಪುತ್ತೇನೆ. ಆದರೆ ಅದು ಇದಕ್ಕೆ ಬದಲಿ ಅಲ್ಲ.

ಹಳೇ ಟೇಪು ಅವರೇ, ನಿಮ್ಮ ಕ್ಯಾಸೆಟ್ ಕಾಲದಿಂದಲೇ ಉದಾಹರಣೆ ಕೊಡುತ್ತೇನೆ. 1978ರಲ್ಲಿ ನಿಸಾರ್ ಅಹಮದ್ ಅವರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿ ರಾಗ ಹಾಕಿದ ‘ನಿತ್ಯೋತ್ಸವ’ ಬಂತು, ಕನ್ನಡದ ಮೊದಲ ಭಾವಗೀತೆ ಕ್ಯಾಸೆಟ್. ಕವನ ಸಂಕಲನ ಕೊಳ್ಳದವರ ಮನೆಗೂ ಕವಿತೆ ಹೋಯಿತು. ಆ ಕ್ಯಾಸೆಟ್ಟಿನಿಂದ ಯಾರಿಗೆ ಎಷ್ಟು ಹಣ ಬಂತು ಎಂದು ಇಂದು ಯಾರೂ ಕೇಳುವುದಿಲ್ಲ. ಅಲ್ಲಿಂದ ಹುಟ್ಟಿದ ಕಾರ್ಯಕ್ರಮಗಳೆಷ್ಟು, ಶಿಬಿರಗಳೆಷ್ಟು ನೋಡಿ. ನನ್ನ ಸ್ಟುಡಿಯೊಗೆ ಬರುವ ತಂಡಗಳಿಗೂ ಆ್ಯಪ್‌ನಿಂದ ಹಣ ಬರುವುದಿಲ್ಲ. ಗಣೇಶೋತ್ಸವದ ಸಮಿತಿಯವರು ‘ನಿಮ್ಮದು ಏನಾದರೂ ಇದ್ದರೆ ಕಳಿಸಿ’ ಎಂದಾಗ ಕೊಂಡಿ ಕಳಿಸುತ್ತಾರೆ, ಕಾರ್ಯಕ್ರಮ ಸಿಗುತ್ತದೆ. ಹಣ ಬರುವ ದಾರಿ ಅದು.

ಇನ್ನೊಂದು ದಾರಿಯನ್ನು ನಮ್ಮ ಕಡೆಯವರು ಮುಟ್ಟುವುದೇ ಇಲ್ಲ. ಬರೆದವರು ಮತ್ತು ರಾಗ ಹಾಕಿದವರು, ಅವರ ಪರವಾಗಿ ರಾಯಲ್ಟಿ ವಸೂಲಿ ಮಾಡುವ ಐಪಿಆರ್‌ಎಸ್ ಸದಸ್ಯರಾಗಬಹುದು. 1969ರ ಸಂಸ್ಥೆ, 2017ರಲ್ಲಿ ಹೊಸ ಕಾನೂನಿನಡಿ ಮರುನೋಂದಣಿಯಾಯಿತು. ಹಾಡನ್ನು ಆ್ಯಪ್‌ಗಳಿಗೆ ತಲುಪಿಸುವ ವಿತರಕರು ಕೊಡುವುದು ಧ್ವನಿಮುದ್ರಿಕೆಯ ಪಾಲು ಮಾತ್ರ. ಸಾಹಿತ್ಯ, ಸಂಗೀತದ ಪಾಲು ಈ ಸಂಸ್ಥೆಯ ಮೂಲಕ ಬರುತ್ತದೆ. ನಿಮ್ಮ ಮೇಷ್ಟ್ರು ಆರು ಹಾಡು ಬರೆದಿದ್ದಾರಲ್ಲ, ಅವರ ಹೆಸರನ್ನು ಅಲ್ಲಿ ನೋಂದಾಯಿಸಿ. ನಾಳೆ ಯಾರೋ ಒಬ್ಬರು ಆ ಹಾಡನ್ನು ಹಾಡಿ ಹಿಟ್ ಮಾಡಿದರೂ ಮೇಷ್ಟ್ರ ಪಾಲು ತಪ್ಪುವುದಿಲ್ಲ. 2012ರ ತಿದ್ದುಪಡಿಯ ಪ್ರಕಾರ ಆ ರಾಯಲ್ಟಿಯ ಹಕ್ಕನ್ನು ಮೇಷ್ಟ್ರು ಕಂಪನಿಗೆ ಬರೆದುಕೊಡುತ್ತೇನೆ ಎಂದರೂ ಬರೆದುಕೊಡಲು ಆಗುವುದಿಲ್ಲ.

ಬಿ.ಎಂ. ರಸ್ತೆ (ಹಾಸನ)

ಇದು ಗೊತ್ತಿರಲಿಲ್ಲ. ನಮ್ಮ ಚಿಕ್ಕಪ್ಪ ನಾಟಕದ ಹಾಡು ಬರೆಯುತ್ತಾರೆ, ಅವರಿಗೆ ಹೇಳುತ್ತೇನೆ.

ಸೋಬಾನೆ ಮೊಮ್ಮಗಳು (ಸಕಲೇಶಪುರ)

ಹಾಡಿದ ಹೆಂಗಸರಿಗೆ?

ನೋಟರಿ ಮುಂದೆ (ಚಿಕ್ಕಮಗಳೂರು)

ಹಾಡಿದವರ ಹಕ್ಕು ಕಾಯಿದೆಯಲ್ಲಿ 50 ವರ್ಷ ಇದೆ, ಗಾಯಕರ ಪರವಾಗಿ ವಸೂಲಿಗೆ ಇಸಾಮ್ರಾ (ಹಿಂದಿನ ಹೆಸರು ಐಎಸ್‌ಆರ್‌ಎ) ಎಂಬ ಸಂಸ್ಥೆಯೂ ಇದೆ. ಸೋಬಾನೆಯ ಅಜ್ಜಿಯರ ತನಕ ಅದು ಬಂದದ್ದನ್ನು ನಾನಂತೂ ನೋಡಿಲ್ಲ.

ಯಗಚಿ (ಬೇಲೂರು)

ಹೇಮಾವತಿಯವರು ಹಾಕುವ ಮುನ್ನ ಅರ್ಜಿ ತುಂಬುವುದರ ಬಗ್ಗೆ ಒಂದು ಮಾತು. ನೇರವಾಗಿ ಸ್ಪಾಟಿಫೈಗೆ ಕಳಿಸಲು ಆಗುವುದಿಲ್ಲ, ಡಿಸ್ಟ್ರೋಕಿಡ್, ಟ್ಯೂನ್‌ಕೋರ್‌ನಂಥ ವಿತರಕರ ಮೂಲಕವೇ ಹೋಗಬೇಕು. ಅಲ್ಲಿ ಅರ್ಜಿಯಲ್ಲಿ ಗಾಯಕರು, ಸಾಹಿತ್ಯ, ಸಂಗೀತ ಎಂದು ಪ್ರತ್ಯೇಕ ಕಲಂಗಳಿವೆ. ನಮ್ಮವರು ಗೌರವಕ್ಕೆಂದು ಕವಿಯ ಹೆಸರನ್ನು ಗಾಯಕರ ಕಲಂನಲ್ಲೇ ತುಂಬುತ್ತಾರೆ. ಹೀಗೆ ಮಾಡಿಯೇ ಎಷ್ಟೋ ಕವಿಗಳ ಹೆಸರಿನಲ್ಲಿ ‘ಕಲಾವಿದ’ ಪುಟಗಳು ಹುಟ್ಟಿವೆ, ಬಸವಣ್ಣನವರ ಪುಟದಲ್ಲಿ ಯಾರದೋ ಕೀಬೋರ್ಡು ಕೇಳಿಸುತ್ತದೆ. ಇಂಗ್ಲಿಷ್ ಅಕ್ಷರದಲ್ಲಿ ಹೆಸರು ಬರೆಯುವಾಗ ಒಂದೇ ಕಾಗುಣಿತಕ್ಕೆ ಅಂಟಿಕೊಳ್ಳಿ. ಒಂದು ಹಾಡಿನಲ್ಲಿ ಒಂದು ‘ಎ’, ಇನ್ನೊಂದರಲ್ಲಿ ಎರಡು ‘ಎ’ ಬರೆದರೆ ನಿಮ್ಮ ತಂಡವೇ ಎರಡು ತಂಡವಾಗುತ್ತದೆ.

ದನಿಯನ್ನು ‘ಇನ್ನೂ ಜೋರು ಮಾಡಿ’ ಎಂದು ಸ್ಟುಡಿಯೊದವರನ್ನು ಕಾಡಬೇಡಿ. ಸ್ಪಾಟಿಫೈ ಸಾಮಾನ್ಯವಾಗಿ ಎಲ್ಲ ಹಾಡನ್ನೂ ಮೈನಸ್ 14 ಎಲ್‌ಯುಎಫ್‌ಎಸ್ (ದನಿಯ ಜೋರನ್ನು ಅಳೆಯುವ ಮಾನ) ಮಟ್ಟಕ್ಕೆ ತಂದೇ ನುಡಿಸುತ್ತದೆ. ಜೋರು ಮಾಡಿದ್ದಷ್ಟೂ ತಬಲೆಯ ನಾದವೇ ಚಪ್ಪಟೆಯಾಗುತ್ತದೆ.

ಅರಸೀಕೆರೆ ತೆಂಗು (ಅರಸೀಕೆರೆ)

ವಿತರಕರ ವಾರ್ಷಿಕ ಶುಲ್ಕ ನಿಲ್ಲಿಸಿದರೆ ಹಾಡು ಇಳಿಸಿಬಿಡುತ್ತಾರಂತೆ, ನಿಜವೇ?

ಯಗಚಿ (ಬೇಲೂರು)

ವರ್ಷಕ್ಕಿಷ್ಟು ಎಂದು ಕಟ್ಟುವ ಯೋಜನೆಗಳಲ್ಲಿ ಸಾಮಾನ್ಯವಾಗಿ ಹೌದು. ಹಾಡು ಉಳಿಯಬೇಕೆಂದರೆ ಬೇರೆ ಹಣ ಕಟ್ಟಬೇಕು. ಶುಲ್ಕವಿಲ್ಲದೆ ಆದಾಯದಲ್ಲಿ ಪಾಲು ತೆಗೆದುಕೊಳ್ಳುವವರೂ ಇದ್ದಾರೆ. ಕಡಿಮೆ ಕೇಳುಗರಿರುವ ತಂಡಕ್ಕೆ ಅದೇ ವಾಸಿ ಎಂದು ನನ್ನ ಅಭಿಪ್ರಾಯ.

ಹೇಮಾವತಿ ದಂಡೆ (ಹೊಳೆನರಸೀಪುರ)

ನಿನ್ನೆ ಸಂಜೆ ಎಲ್ಲರೂ ಕುಳಿತು ಈ ಚರ್ಚೆಯನ್ನು ಗಟ್ಟಿಯಾಗಿ ಓದಿದೆವು. 400 ಸಿಡಿ ಅಟ್ಟದಲ್ಲಿ ಎಂಬ ಮಾತಿಗೆ ಔಷಧಿ ಅಂಗಡಿಯವರು ನಕ್ಕರು, ಹಾರ್ಮೋನಿಯಂ ನುಡಿಸುವವರು ನಗಲಿಲ್ಲ. ಕೊನೆಗೆ ಕ್ಯೂಆರ್ ಕೋಡ್ ಇರುವ ಒಂದು ಮಡಿಕೆ ಹಾಳೆ ಅಚ್ಚು ಹಾಕಿಸಿ, ಒಳಗೆ ಹಾಡುಗಳ ಸಾಹಿತ್ಯ ಕೊಡೋಣ ಎಂದು ಹುಡುಗರು ಹೇಳಿದರು. ಸಾಹಿತ್ಯ ಇರುತ್ತದೆ ಎಂದದ್ದಕ್ಕೆ ಮೇಷ್ಟ್ರು ತಕ್ಷಣ ಒಪ್ಪಿದರು. ಹಾರ್ಮೋನಿಯಂನವರಿಗೆ ಇನ್ನೂ ನೂರು ಸಿಡಿಯಾದರೂ ಬೇಕಂತೆ. ಅವರ ಪಾಲಿನ ಖರ್ಚು ಅವರೇ ಹಾಕಿಕೊಳ್ಳಲಿ ಎಂದು ಬಿಟ್ಟಿದ್ದೇವೆ.

ಒಂದು ಸಂಶಯ. ಮುಂದೆ ವಿತರಕರನ್ನು ಬದಲಿಸಿದರೆ ಅಚ್ಚು ಹಾಕಿಸಿದ ಕೋಡ್ ಕೆಲಸ ಮಾಡುತ್ತದೆಯೇ? ನವೆಂಬರ್ 1ಕ್ಕೆ ಬಿಡುಗಡೆ ಮಾಡಬೇಕೆಂದಿದ್ದೇವೆ.

ಯಗಚಿ (ಬೇಲೂರು)

ಕೋಡನ್ನು ಆಲ್ಬಂ ಪುಟಕ್ಕೆ ಜೋಡಿಸಬೇಡಿ, ನಿಮ್ಮದೇ ಒಂದು ಸಣ್ಣ ಪುಟ ಮಾಡಿಕೊಂಡು ಅದಕ್ಕೆ ಜೋಡಿಸಿ. ಒಳಗಿನ ಕೊಂಡಿಗಳನ್ನು ಬೇಕಾದಾಗ ಬದಲಿಸಬಹುದು. ಪ್ರತಿ ಹಾಡಿಗೂ ಆ ಧ್ವನಿಮುದ್ರಿಕೆಯನ್ನು ಗುರುತಿಸುವ 12 ಅಕ್ಷರಗಳ ಐಎಸ್‌ಆರ್‌ಸಿ ಸಂಖ್ಯೆ ಕೊಡುತ್ತಾರೆ. ಅದನ್ನು ತಂಡದ ಲೆಕ್ಕದ ಪುಸ್ತಕದಲ್ಲಿ ಬರೆದಿಡಿ. ವಿತರಕರನ್ನು ಬದಲಿಸುವಾಗ ಅದೇ ಸಂಖ್ಯೆ, ಅದೇ ಕಡತ ಕೊಟ್ಟರೆ ಆಲಿಸುವಿಕೆಯ ಎಣಿಕೆ ಉಳಿಯುತ್ತದೆ. ಸ್ಪಾಟಿಫೈನ ಸಂಪಾದಕರು ಆರಿಸುವ ಹಾಡುಗಳ ಪಟ್ಟಿಗೆ ಕೋರಿಕೆ ಸಲ್ಲಿಸಲು ಬಿಡುಗಡೆಗೆ ಕನಿಷ್ಠ ಏಳು ದಿನ ಮುಂಚೆ ಹಾಡು ಅವರಲ್ಲಿರಬೇಕು. ವಿತರಕರೂ ಪರಿಶೀಲನೆಗೆ ಸಮಯ ತೆಗೆದುಕೊಳ್ಳುತ್ತಾರೆ. ನವೆಂಬರ್ 1 ಎಂದರೆ ಅಕ್ಟೋಬರ್ ಮೊದಲ ವಾರವೇ ಕಳಿಸಿ. ದಸರಾ ರಜೆ ನಡುವೆ ಬರುತ್ತದೆ, ಸ್ಟುಡಿಯೊದವರಿಂದ ಅಂತಿಮ ಕಡತಗಳನ್ನು ಅದಕ್ಕೂ ಮುಂಚೆ ಕೇಳಿ ತೆಗೆದುಕೊಳ್ಳಿ.